ಅಕ್ಕಿ ಒದೆಯುವ ಕೆಲಸ

೧೪ ಫೆಬ್ರವರಿ ೧೯೪೪
ಫೀಲ್ಡ್ ಪೋಸ್ಟ್ ಆಫೀಸಿನಿಂದ

ಮೆಟ್ರಿಯಲ್ಲಿರುವ ನನ್ನ ಅಕ್ಕ ಸುಂಕಮ್ಮನಿಗೆ, ತಮ್ಮ ಗವಿಸಿದ್ದಪ್ಪ ಬರೆಯುವುದು.

ಬದುಕಿದ್ದೇನೆ, ಹೊಟ್ಟೆತುಂಬ ಉಣ್ಣುತ್ತಿದ್ದೇನೆ. ಇಷ್ಟನ್ನು ಮೊದಲು ಓದು, ಆಮೇಲೆ ಅಳುವುದಿದ್ದರೆ ಅಳು. ಎಲ್ಲಿದ್ದೇನೆ ಎಂದು ಬರೆದರೆ ಕಾಗದಕ್ಕೆ ಕತ್ತರಿ ಬೀಳುತ್ತದೆ. ಸೂರ್ಯ ಹುಟ್ಟುವ ಕಡೆ, ಬೆಟ್ಟದ ಸೀಮೆ. ನಮ್ಮ ಕಡೆಯ ಹಾಗೆ ಬೋಳು ಬಂಡೆಯ ಬೆಟ್ಟಗಳಲ್ಲ, ತುದಿಯವರೆಗೂ ಕಾಡು.

ಬಳ್ಳಾರಿಯಲ್ಲಿ ಭರ್ತಿ ಮಾಡಿಕೊಳ್ಳುವಾಗ ಲಾರಿಯ ಕೆಲಸ ಎಂದಿದ್ದರು. ಲಾರಿಗೆ ರೆಕ್ಕೆ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಇದರ ಹೆಸರು ಡಕೋಟಾ. ಮುಂದೆ ನಾಲ್ವರು ಸಾಹೇಬರು ಕುಳಿತು ಹಾರಿಸುತ್ತಾರೆ, ಹಿಂದೆ ಅದರ ಹೊಟ್ಟೆಯಲ್ಲಿ ಮೂಟೆಗಳ ಜೊತೆ ನಾವು ನಾಲ್ವರು ಸಿಪಾಯಿಗಳು. ಪಕ್ಕದ ಬಾಗಿಲನ್ನು ಕಿತ್ತೇ ಹಾಕಿದ್ದಾರೆ. ಚಳಿಗೆ ಹಲ್ಲು ಕಟಕಟ ಎನ್ನುತ್ತವೆ, ಕಿವಿ ಗುಂಯ್‌ಗುಡುತ್ತದೆ, ಮೊದಲ ದಿನ ನಾನು ಉಂಡದ್ದೆಲ್ಲ ಹೊರಗೆ ಬಂತು.

ಬೆಳಿಗ್ಗೆ ಚಹಾ ಕುಡಿದು ಮೂಟೆ ಏರಿಸುತ್ತೇವೆ. ಅಕ್ಕಿ, ಬೇಳೆ, ಉಪ್ಪು, ಹೇಸರಗತ್ತೆಗಳಿಗೆ ಕಡಲೆ. ಅಕ್ಕಿಯನ್ನು ಚೀಲದ ಅರ್ಧಕ್ಕೆ ಮಾತ್ರ ತುಂಬಿ, ಅದನ್ನು ಇನ್ನೊಂದು ದೊಡ್ಡ ಚೀಲದೊಳಗೆ ಇಟ್ಟು ಹೊಲಿದಿರುತ್ತಾರೆ; ಬಿದ್ದಾಗ ಒಳಗಿನದು ಒಡೆದರೂ ಹೊರಗಿನದು ಕಾಳನ್ನು ಹಿಡಿದುಕೊಳ್ಳುತ್ತದೆ. ಕಾಡಿನೊಳಗೆ ನಮ್ಮ ದಂಡನ್ನು ಜಪಾನಿನವರು ಸುತ್ತುಗಟ್ಟಿದ್ದಾರೆ. ನಮ್ಮವರಿಗೆ ರಸ್ತೆಯಿಲ್ಲ, ಮೇಲಿನಿಂದ ಬಿದ್ದರೆ ಉಂಟು, ಇಲ್ಲದಿದ್ದರೆ ಉಪವಾಸ. ವಿಮಾನ ತಗ್ಗಿಗೆ ಇಳಿದು ಅವರ ಮೇಲೆ ಸುತ್ತು ಹಾಕುತ್ತದೆ. ಗಂಟೆ ಬಾರಿಸಿದ ಕೂಡಲೇ ಮೂಟೆ ತಳ್ಳಬೇಕು, ಮತ್ತೆ ಬಾರಿಸಿದಾಗ ನಿಲ್ಲಬೇಕು. ಹೀಗೆ ವಿಮಾನ ಖಾಲಿಯಾಗುವವರೆಗೆ ಸುತ್ತು ಹಾಕುವುದು.

ಜೊತೆಯಲ್ಲಿ ನಮ್ಮ ಕಡೆಯವನೊಬ್ಬ ಸಿಕ್ಕಿದ್ದಾನೆ, ಮರಿಯಮ್ಮನಹಳ್ಳಿಯ ಪಕ್ಕೀರಪ್ಪ. ಬಾಯಿಗೆ ಬೀಗವಿಲ್ಲದ ಮನುಷ್ಯ. "ಲೇ ಗವಿಸಿದ್ದ, ಕಾಗಿ ಮ್ಯಾಲಿಂದ ಹಿಕ್ಕಿ ಹಾಕ್ತೈತಿ, ನಾವು ಅಕ್ಕಿ ಹಾಕ್ತೀವಿ, ಅಷ್ಟ ಫರಕು" ಎನ್ನುತ್ತಾನೆ. ಮಾವನಿಗೂ ದೊಡ್ಡಪ್ಪನಿಗೂ ನನ್ನ ನಮಸ್ಕಾರ ಹೇಳು.

ನಿನ್ನ ತಮ್ಮ
ಗವಿಸಿದ್ದಪ್ಪ

೧೧ ಮಾರ್ಚ್ ೧೯೪೪
ಮೆಟ್ರಿ

ತಮ್ಮ ಗವಿಸಿದ್ದಪ್ಪನಿಗೆ ಅಕ್ಕನ ಆಶೀರ್ವಾದ.

ಅಳಲಿಲ್ಲ. ನಿನ್ನ ಕಾಗದವನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದೆ. ಊರಿನಲ್ಲಿ ಯಾರಿಗೆ ಕಾಗದ ಬಂದರೂ ಓದುವವಳು ನಾನೇ, ಕಂಪ್ಲಿಯ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರಕ್ಕೆ ಅಷ್ಟು ಬೆಲೆ. ನನ್ನ ಸ್ವಂತ ತಮ್ಮನದನ್ನು ಮನೆಯೊಳಗೆ ಮುಚ್ಚಿಟ್ಟು ಓದಲೇ? ನಿನಗೆ ವಾಂತಿಯಾದ ಕಡೆ ಎಲ್ಲರೂ ನಕ್ಕರು. ದೊಡ್ಡಪ್ಪ ಉಚ್ಚೆಂಗಪ್ಪ ಮಾತ್ರ ನಗಲಿಲ್ಲ. ಎದ್ದು ನಿಂತು, "ಹಸಿದಾವ್ರಿಗೆ ಆಕಾಶದಾಗಿಂದ ಅನ್ನ ಹಾಕ್ತಾನ ನಮ್ಮ ಹುಡುಗ. ಇದಕ್ಕಿಂತ ಪುಣ್ಯ ಯಾವ್ದೈತ್ರೀ?" ಎಂದರು. ಮುಂದಿನ ಸುಗ್ಗಿಯಲ್ಲಿ ನೀನು ಬಂದರೆ ರಾಶಿಯ ಪೂಜೆ ನಿನ್ನ ಕೈಯಿಂದಲೇ ಎಂದು ಹೇಳಿದ್ದಾರೆ. ಅಪ್ಪ ಅವ್ವ ಪ್ಲೇಗಿನಲ್ಲಿ ಹೋದ ಮೇಲೆ ನಮಗೆ ಕಣದಲ್ಲಿ ಜಾಗ ಕೊಟ್ಟವರು, ತಮ್ಮ ಎತ್ತಿನಿಂದ ನಮ್ಮ ನೆಲ್ಲು ತುಳಿಸಿಕೊಟ್ಟವರು ಅವರೇ ಅಲ್ಲವೇ. ಅವರ ಬಾಯಲ್ಲಿ ಆ ಮಾತು ಕೇಳಿ ನನ್ನ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

ನಮ್ಮ ಮನೆಯವರು, ನಿಮ್ಮ ಮಾವ, ಎಂದಿನಂತೆ ಒಂದೇ ಮಾತಾಡಿದರು. "ಬಾಗಿಲಿಲ್ಲಂದ್ರ ಏನು ಹಿಡ್ಕಂಡು ನಿಂದ್ರತಾನ ಅವ?" ನನಗೂ ಅದೇ ಚಿಂತೆ. ತೂಕದ ಮೂಟೆ, ತೆರೆದ ಬಾಗಿಲು. ನಿಂತು ತಳ್ಳುತ್ತೀಯೋ, ಕೂತು ತಳ್ಳುತ್ತೀಯೋ? ಬಿಡಿಸಿ ಬರೆ.

ಅಕ್ಕ

೨ ಮೇ ೧೯೪೪

ಅಕ್ಕಾ,

ಕೇಳಿದ್ದೀಯ, ಬಿಡಿಸಿ ಬರೆಯುತ್ತೇನೆ. ಮೊದಲ ಕಾಗದದಲ್ಲಿ ಬರೆಯಲು ನಾಚಿಕೆಯಾಗಿತ್ತು.

ಇಲ್ಲಿ ಯಾರೂ ಕೈಯಿಂದ ತಳ್ಳುವುದಿಲ್ಲ. ಮೂಟೆಗಳನ್ನು ಬಾಗಿಲ ಬಾಯಿಗೆ ಒಟ್ಟಿ, ನೆಲದ ಮೇಲೆ ಕುಳಿತು, ಬೆನ್ನನ್ನು ಎದುರು ಗೋಡೆಗೆ ಆನಿಸಿ, ಎರಡೂ ಕಾಲಿನಿಂದ ಒದೆಯುತ್ತಾರೆ. ಬೂಟುಗಾಲಿನಿಂದ, ಅಕ್ಕಿಯನ್ನು! ಮೊದಲ ದಿನ ನನಗೆ ವಾಂತಿಯಾದದ್ದು ಬರಿಯ ಗಾಳಿಯ ಏಟಿಗಲ್ಲ, ಇದನ್ನು ನೋಡಿದ್ದಕ್ಕೂ. ಒಂದು ಕಾಳು ಕಾಲಿಗೆ ತಾಗಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಮನೆಯವರು ನಾವು. ಚಿಕ್ಕಂದಿನಲ್ಲಿ ನಾನು ಸಿಟ್ಟಿನಿಂದ ಮೊರ ಒದ್ದಾಗ ದೊಡ್ಡಪ್ಪ ದಿನವಿಡೀ ಉಣ್ಣಲು ಕೊಡಲಿಲ್ಲ, ನೆನಪಿದೆಯೇ?

ನಾನು ಒದೆಯುವುದಿಲ್ಲ ಎಂದುಬಿಟ್ಟೆ. ನಿಂತುಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಭುಜ ಕೊಟ್ಟು ಕೈಯಿಂದ ತಳ್ಳುತ್ತೇನೆ. ಹವಾಲ್ದಾರರು ಬಾಯಿಗೆ ಬಂದಂತೆ ಬೈದರು. ಕ್ಯಾಪ್ಟನ್ ಸಾಹೇಬರ ಮುಂದೆ ನಿಲ್ಲಿಸಿದರು. ಹುಕುಂ ಮೀರಿದರೆ ಇಪ್ಪತ್ತೆಂಟು ದಿನ ಕೋಣೆಗೆ ಹಾಕುತ್ತೇನೆ ಎಂದರು ಅವರು. ಹಾಕಿರಿ ಸಾಹೇಬರೇ, ಅಲ್ಲಿಯೂ ಅನ್ನ ಕೈಯಿಂದಲೇ ಉಣ್ಣುತ್ತೇನೆ ಎಂದೆ. ಆಳು ಕಡಿಮೆ ಇರುವುದರಿಂದ ಸುಮ್ಮನೆ ಬಿಟ್ಟಿದ್ದಾರೆ. ಉಳಿದ ವಿಮಾನಗಳು ಐದು ಸುತ್ತಿನಲ್ಲಿ ಖಾಲಿಯಾದರೆ ನಮ್ಮದಕ್ಕೆ ಎಂಟು ಒಂಬತ್ತು ಸುತ್ತು ಬೇಕು. ಆಗಲಿ.

ಪಕ್ಕೀರಪ್ಪ ಒದೆಯುತ್ತಾನೆ, ಒದ್ದು ನಗುತ್ತಾನೆ. "ನೀ ಒಬ್ಬ ಮಡಿ ಮಾಡ್ಕಂಡು ಕುಂದ್ರು, ಅವ್ರು ಕೆಳಗ ಬಾಯಿ ತಕ್ಕಂಡು ಕುಂತಿರ್ಲಿ" ಎಂದು ಹಂಗಿಸುತ್ತಾನೆ. ಅವನ ಪಾಪ ಅವನಿಗೆ. ದೊಡ್ಡಪ್ಪನಿಗೆ ಹೇಳು, ಅವರ ಮನೆಯ ಹುಡುಗ ಸರ್ಕಾರಕ್ಕೂ ಬಗ್ಗಿಲ್ಲ ಎಂದು.

ಗವಿಸಿದ್ದಪ್ಪ

೨೯ ಮೇ ೧೯೪೪
ಮೆಟ್ರಿ

ನನ್ನ ಹುಲಿಯೇ,

ಹೇಳುವುದೇನು ಬಂತು, ಇಡೀ ಕಾಗದವನ್ನೇ ಓದಿದೆ. ಬೂಟುಗಾಲಿನ ಮಾತು ಬಂದ ಕೂಡಲೇ ಎಲ್ಲರೂ ಕಿವಿ ಮುಚ್ಚಿಕೊಂಡರು. ಪಕ್ಕದ ಮನೆಯ ಯಲ್ಲಕ್ಕನಂತೂ "ಶಿವಶಿವಾ" ಎಂದು ಎದ್ದೇ ಹೋದಳು. ಆಮೇಲೆ ನೀನು ಸಾಹೇಬನಿಗೆ ಕೊಟ್ಟ ಉತ್ತರ ಓದಿದೆ ನೋಡು, ಕಟ್ಟೆಯೆಲ್ಲ ಕೇಕೆ! ದೊಡ್ಡಪ್ಪ ಕಣ್ಣೀರು ಹಾಕಿದರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ತಲಿ ಹೋದ್ರೂ ಅನ್ನಕ್ಕ ಕಾಲು ಹಚ್ಚಬ್ಯಾಡ ಅಂತ ಬರಿ ಅವಗ. ಕಾಲು ಹಚ್ಚಿದಾವ್ನಿಗೆ ನನ್ನ ಕಣದಾಗ ಜಾಗಿಲ್ಲ, ಅದನೂ ಬರಿ."

ನಾನೂ ಅದನ್ನೇ ಹೇಳುತ್ತೇನೆ. ಒದೆಯಬೇಡ. ಒಂಬತ್ತಲ್ಲದಿದ್ದರೆ ಹತ್ತು ಸುತ್ತು ಹಾಕಲಿ, ಅವರ ಅಪ್ಪನ ಮನೆಯ ಗಂಟೇನು ಹೋಗುತ್ತದೆ? ಎಣ್ಣೆ ಸರ್ಕಾರದ್ದು, ವಿಮಾನ ಸರ್ಕಾರದ್ದು. ಧರ್ಮ ನಮ್ಮದು. ಯಾರು ಹೆದರಿಸಿದರೂ ಹೆದರಬೇಡ, ನಿನ್ನ ಹಿಂದೆ ಊರೇ ಇದೆ.

ಮಾವನ ಮಾತೇ ಬೇರೆ. ಮನೆಗೆ ಬಂದ ಮೇಲೆ, "ಅಷ್ಟು ಸುತ್ತು ಹಾಕಿದ್ರ ಕೆಳಗಿನ ಜಪಾನಿನಾವ್ರು ಬಂದೂಕು ಹೊಡ್ಯಂಗಿಲ್ಲೇನು?" ಎಂದರು. ಅವರಿಗೆ ಯಾವಾಗಲೂ ಅಪಶಕುನದ ಮಾತೇ.

ಅಕ್ಕ ಸುಂಕಮ್ಮ

೧೬ ಜುಲೈ ೧೯೪೪

ಅಕ್ಕನಿಗೆ,

ಚೆನ್ನಾಗಿದ್ದೇನೆ. ಮಳೆ ಬಹಳ. ಮೋಡದೊಳಗೆ ವಿಮಾನ ಮುಳುಗಿ ಏಳುತ್ತದೆ. ದಿನಕ್ಕೆ ಮೂರು ಸಲ ಹೋಗಿ ಬರುತ್ತೇವೆ. ಚೀಲ ನೆನೆದು ಮುಗ್ಗಲು ವಾಸನೆ, ಬಟ್ಟೆಗೂ ಅದೇ ವಾಸನೆ.

ಪಕ್ಕೀರಪ್ಪನಿಗೆ ಜ್ವರ. ಆಸ್ಪತ್ರೆಗೆ ಕಳಿಸಿದ್ದಾರೆ.

ನಾನು ಈಗ ಎಲ್ಲರೂ ಮಾಡುವಂತೆಯೇ ಕೆಲಸ ಮಾಡುತ್ತೇನೆ. ಕಾಲಿನಿಂದ. ಇದನ್ನು ಕಟ್ಟೆಯ ಮೇಲೆ ಓದಬೇಡ.

ಗವಿಸಿದ್ದಪ್ಪ

೯ ಆಗಸ್ಟ್ ೧೯೪೪
ಮೆಟ್ರಿ

ಗವಿಸಿದ್ದಪ್ಪಾ,

ಯಾರು ಹೊಡೆದರು ನಿನ್ನನ್ನು? ಕೋಣೆಗೆ ಹಾಕಿದರೇ? ಉಪವಾಸ ಕೆಡವಿದರೇ? ಹೊಡೆಯದೆ ಬಡಿಯದೆ ನೀನು ಬಗ್ಗುವವನಲ್ಲ, ನಿನ್ನನ್ನು ಎತ್ತಿ ಆಡಿಸಿದವಳು ನಾನು. ಆ ಸಾಹೇಬನ ಹೆಸರು ಬರೆದು ಕಳಿಸು. ಹೊಸಪೇಟೆಯ ವಕೀಲರ ಹತ್ತಿರ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿ ಕಲೆಕ್ಟರಿಗೆ ಹಾಕುತ್ತೇನೆ. ನಗಬೇಡ, ಹಾಕಿಯೇ ಹಾಕುತ್ತೇನೆ.

ಕಾಗದ ಬಂತೆಂದು ಎಲ್ಲರಿಗೂ ಗೊತ್ತು. ಟಪಾಲಿನವನು ಊರ ನಡುವೆ ಕೂಗಿ ಕೊಟ್ಟ. "ಏನ್ ಬರದಾನ?" ಎಂದು ದೊಡ್ಡಪ್ಪ ಮೂರು ದಿನ ಕೇಳಿದರು. ಮಳೆ ಅಂತೆ, ಜ್ವರ ಅಂತೆ ಎಂದೆ. ಹುಟ್ಟಿದ ಮೇಲೆ ಅವರ ಮುಂದೆ ಮೊದಲ ಸುಳ್ಳು. ನಿನ್ನ ಮೇಲೆ ಸಿಟ್ಟು ಬಂತು ನನಗೆ. ಸರ್ಕಾರಕ್ಕೆ ಬಗ್ಗಿಲ್ಲ ಎಂದು ಬರೆದವನು ಎರಡು ತಿಂಗಳಲ್ಲೇ ಬಗ್ಗಿದರೆ ನಾನು ಯಾವ ಮುಖ ಹೊತ್ತು ಕಟ್ಟೆಗೆ ಹೋಗಲಿ?

ಕೂಡಲೇ ಉತ್ತರ ಬರೆ.

ಅಕ್ಕ

೨೬ ನವೆಂಬರ್ ೧೯೪೪
ಮೆಟ್ರಿ

ತಮ್ಮಾ,

ಮೂರೂವರೆ ತಿಂಗಳಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಈಗ ಏಕೆಂದು ಗೊತ್ತಾಯಿತು.

ಮೊನ್ನೆ ಬುಧವಾರ ಪಕ್ಕೀರಪ್ಪ ಬಂದಿದ್ದ. ಕಂಪ್ಲಿಯವರೆಗೆ ಮೋಟರು, ಅಲ್ಲಿಂದ ಯಾರದೋ ಬಂಡಿ. ಇಳಿಯುವಾಗ ನೋಡಿದೆ, ಎಡಗಾಲು ಮೊಣಕಾಲಿನ ಮೇಲಿಂದಲೇ ಇಲ್ಲ. ಎರಡೂ ಕಂಕುಳಲ್ಲಿ ಕೋಲು. ಜ್ವರ ಎಂದು ಬರೆದಿದ್ದೆಯಲ್ಲ ನೀನು.

ಕಟ್ಟೆಯ ಮೇಲೆ ಕೂರಿಸಿದರು, ನೀರು ಕೊಟ್ಟರು. ದೊಡ್ಡಪ್ಪ ಹೆಮ್ಮೆಯಿಂದ ಕೇಳಿದರು, "ನಮ್ಮ ಹುಡುಗ ಇನ್ನೂ ಕೈಯ್ಯಾಗ ತಳ್ತಾನಲ್ಲೇನಪಾ?" ಅವನು ಮುಚ್ಚುಮರೆ ಮಾಡಲಿಲ್ಲ. "ಇಲ್ರೀ, ಈಗ ಒದೀತಾನ. ಮಸ್ತ್ ಒದೀತಾನ. ಮೊದ್ಲ ಒದ್ದಿದ್ರ ನನ್ನ ಕಾಲು ಇರ್ತಿತ್ತು" ಎಂದ. ಆಮೇಲೆ ಒಂಬತ್ತನೆಯ ಸುತ್ತಿನ ಕಥೆ ಹೇಳಿದ. ವಿಮಾನದ ತಳ ತೂರಿ ಬಂದ ಗುಂಡು ಅವನ ಮೊಣಕಾಲಿಗೆ ಬಿದ್ದದ್ದು, ನೀನು ನಿನ್ನ ಪೇಟದಿಂದ ಅವನ ತೊಡೆ ಕಟ್ಟಿದ್ದು. ಬೇರೆ ವಿಮಾನಗಳು ಐದು ಸುತ್ತಿಗೆ ಹೊರಟುಹೋಗಿದ್ದವು, ನಿಮ್ಮದೊಂದೇ ಉಳಿದಿತ್ತು ಎಂದ. ಆ ದಿನ ನಿನ್ನ ಕಿಸೆಯಲ್ಲಿ ನನ್ನ ಕಾಗದವಿತ್ತಂತೆ. ಹತ್ತುವ ಮೊದಲು ಅವನಿಗೆ ಓದಿ ಹೇಳಿದೆಯಂತೆ, "ನೋಡು, ನಮ್ಮಕ್ಕ ಬರೆದಿದ್ದಾಳೆ" ಎಂದು.

ಒದೆಯಬೇಡ ಎಂದು ಬರೆದವಳು ನಾನು. ಹತ್ತು ಸುತ್ತು ಹಾಕಲಿ ಎಂದು ಬರೆದವಳೂ ನಾನು. ಕಟ್ಟೆಯ ಕೇಕೆಗೆ ಉಬ್ಬಿ ಬರೆದೆ. ಇದನ್ನು ಹೇಗೆ ನುಂಗಲಿ, ತಮ್ಮಾ?

ದೊಡ್ಡಪ್ಪ ಕೋಲೂರಿ ಎದ್ದರು. ಪಕ್ಕೀರಪ್ಪನ ಕಾಲಿನ ಬಗ್ಗೆ ಒಂದು ಮಾತಿಲ್ಲ. "ಹಂಗಾರ ಅವ ಅನ್ನ ಒದ್ದಾನ" ಎಂದರು. ನಮ್ಮ ನೆಲ್ಲಿನ ಒಂದು ಕಟ್ಟು ಸಿವುಡೂ ಈ ಸಲ ಅವರ ಕಣಕ್ಕೆ ಬರಕೂಡದು, ಅವರ ಎತ್ತು ಅದನ್ನು ತುಳಿಯಕೂಡದು. ನಿನ್ನ ಪರವಾಗಿ ನಾನು ಎಲ್ಲರ ಮುಂದೆ ಸೆರಗೊಡ್ಡಿ ತಪ್ಪಾಯಿತು ಎಂದರೆ ಮಾತ್ರ ಸೇರಿಸುತ್ತಾರಂತೆ. ಇಲ್ಲದಿದ್ದರೆ ನೀನು ಬಂದರೂ ನಿನಗೆ ಆ ಕಣ ಇಲ್ಲ.

ಕೊಯ್ಲಿಗೆ ಇನ್ನು ಮೂರು ವಾರ. ನಾನು ಇನ್ನೂ ಏನೂ ಉತ್ತರ ಕೊಟ್ಟಿಲ್ಲ. ಮೊದಲು ನಿನ್ನ ಬಾಯಿಂದ ಕೇಳಬೇಕು. ಇನ್ನು ಮುಚ್ಚಿಡಬೇಡ.

ಅಕ್ಕ

೨೦ ಡಿಸೆಂಬರ್ ೧೯೪೪

ಅಕ್ಕಾ,

ಕತ್ತರಿ ಹಾಕುವವರು ಹಾಕಲಿ, ನಾನು ಬರೆಯುತ್ತೇನೆ.

ಪಕ್ಕೀರಪ್ಪ ಹೇಳಿದ್ದೆಲ್ಲ ನಿಜ. ಅವನು ಹೇಳದೆ ಬಿಟ್ಟದ್ದು ಒಂದಿದೆ. ಗುಂಡು ಬಿದ್ದ ಮೇಲೆಯೂ ಹನ್ನೊಂದು ಮೂಟೆ ಉಳಿದಿದ್ದವು. ಹವಾಲ್ದಾರರು ಸಾಕು, ತಿರುಗಿಸಿ ಎಂದು ಮುಂದಕ್ಕೆ ಕೂಗಿದರು. ಪಕ್ಕೀರಪ್ಪ ರಕ್ತದಲ್ಲಿ ಬಿದ್ದವನು ನನ್ನ ಕೊರಳಪಟ್ಟಿ ಹಿಡಿದು, "ಅಷ್ಟೂ ಹಾಕ್ಲೇ ಮಗನ. ಹಾಕ್ದೆ ಹೋದ್ರ ನನ್ನ ಕಾಲು ಪುಗಸಟ್ಟೆ ಹೋತು" ಎಂದ. ಕೆಳಗಿನವರು ನಾಲ್ಕು ದಿನದಿಂದ ಅರ್ಧ ಹೊಟ್ಟೆಯಲ್ಲಿದ್ದರು. ವಿಮಾನ ಹಾರಿಸುವ ಸಾಹೇಬ ನನಗಿಂತ ಚಿಕ್ಕವನು, ಮುಖ ಸುಣ್ಣದಂತೆ ಬಿಳುಚಿತ್ತು, ಆದರೂ ಇನ್ನೊಂದು ಸುತ್ತು ತಿರುಗಿಸಿದ. ಗಂಟೆ ಹೊಡೆಯಿತು. ನಾನು ಕುಳಿತೆ, ಬೆನ್ನು ಆನಿಸಿದೆ, ಒದ್ದೆ. ಹನ್ನೊಂದೂ ಒಂದೇ ಸುತ್ತಿನಲ್ಲಿ ಹೋದವು. ಮರಗಳ ಅಡಿಯಿಂದ ಜನ ಓಡಿ ಬಂದು ಮೂಟೆಗಳನ್ನು ತಬ್ಬಿಕೊಂಡದ್ದನ್ನು ನನ್ನ ಕಣ್ಣಾರೆ ಕಂಡೆ. ಅಷ್ಟು ದಿನ ನಿಂತು ತಳ್ಳುವಾಗ ನಾನು ಒಮ್ಮೆಯೂ ಕೆಳಗೆ ನೋಡಿರಲಿಲ್ಲ. ನನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದೆ.

ಪಕ್ಕೀರಪ್ಪನಿಗೆ ಜ್ವರ ಎಂದು ನಿನಗೆ ಸುಳ್ಳು ಬರೆದೆ. ನಿಜ ಬರೆದರೆ ಒದೆಯಬೇಡ ಎಂದು ಬರೆದ ನಿನ್ನ ಕೈಯನ್ನು ನೀನೇ ಕ್ಷಮಿಸುವುದಿಲ್ಲ ಎಂದು ಗೊತ್ತಿತ್ತು. ತಪ್ಪು ನನ್ನದು. ನಿನ್ನ ಕಾಗದ ಬರುವ ಮೊದಲೂ ನಾನು ಒದೆಯುತ್ತಿರಲಿಲ್ಲ.

ಕಣದ ಮಾತು. ನೀನು ತಪ್ಪಾಯಿತು ಎಂದುಬಿಡು, ಅಕ್ಕಾ. ವರ್ಷದ ನೆಲ್ಲನ್ನು ಮಳೆಗೆ, ಇಲಿಗೆ ಬಿಟ್ಟುಕೊಟ್ಟು ನೀನೂ ಮಾವನೂ ಏನು ತಿನ್ನುತ್ತೀರಿ? ನಿನ್ನ ಹತ್ತಿರ ಎತ್ತಿಲ್ಲ. ನಾನು ಮಾತ್ರ ಆ ಮಾತು ಅನ್ನಲಾರೆ. ಒದ್ದದ್ದಕ್ಕೆ ಅಲ್ಲ, ಒದೆಯದೆ ಇದ್ದದ್ದಕ್ಕೆ ನನಗೆ ನಾಚಿಕೆ. ಹಾಗಾಗಿ ನಾನು ಊರಿಗೆ ಬರುವುದು ಬೇಡ. ಈ ತಿಂಗಳು ರಜೆ ಸಿಕ್ಕಿತ್ತು, ಬೇರೆಯವನಿಗೆ ಬಿಟ್ಟುಕೊಟ್ಟೆ. ಮುಂದೆಯೂ ಅಷ್ಟೇ.

ಗವಿಸಿದ್ದಪ್ಪ

೨೨ ಜನವರಿ ೧೯೪೫
ಮೆಟ್ರಿ

ಗವಿಸಿದ್ದಪ್ಪಾ,

ನಿನ್ನ ಬುದ್ಧಿಮಾತು ತಡವಾಗಿ ಬಂತು, ಅಷ್ಟರಲ್ಲಿ ನಾನು ಮಾಡುವುದನ್ನು ಮಾಡಿ ಮುಗಿಸಿದ್ದೆ. ತಪ್ಪಾಯಿತು ಎಂದೂ ಅಂದೆ. ಆದರೆ ನೀನು ಹೇಳಿದವರ ಮುಂದೆ ಅಲ್ಲ. ಸಾವಕಾಶವಾಗಿ ಕೇಳು.

ಕೊಯ್ಲಾದ ದಿನ ಒಂದು ಹೊರೆ ಸಿವುಡು ಹೊತ್ತುಕೊಂಡು ನೇರ ದೊಡ್ಡಪ್ಪನ ಕಣಕ್ಕೆ ಹೋದೆ. ಹಂತಿ ನಡೆದಿತ್ತು. ಆರು ಎತ್ತು ಕಟ್ಟಿ ತುಳಿಸುತ್ತಿದ್ದರು, ಊರೆಲ್ಲ ಅಲ್ಲೇ ಇತ್ತು. ನಾನು ಸೆರಗೊಡ್ಡಲು ಬಂದೆನೆಂದು ದೊಡ್ಡಪ್ಪ ರುಮಾಲು ಸರಿಮಾಡಿಕೊಂಡು ನಿಂತರು. ನಾನು ಕೇಳಿದೆ: "ದೊಡ್ಡಪ್ಪಾ, ಕಾಲು ಹಚ್ಚದ ಅಕ್ಕಿ ಒಂದು ಹಿಡಿ ಕೊಡ್ರಿ ನನಗ. ಈ ಕಣದಾಗ ಹುಡುಕ್ಯಾಡಿ ಕೊಡ್ರಿ."

ಅವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಕೆಂಪಾಯಿತು. "ಎತ್ತು ಬಸವಣ್ಣ ಐತಿ. ಅದರ ಕಾಲಿಗೆ ದೋಷಿಲ್ಲ. ಮನಿಷಾನ ಕಾಲು ಬ್ಯಾರೆ" ಎಂದರು.

"ಉಣ್ಣಾಕ ಹಾಕ್ತೈತಿ ಅಂತ ಅಲ್ಲೇನ್ರಿ ಅದು ಬಸವಣ್ಣ ಆಗಿದ್ದು? ನನ್ನ ತಮ್ಮ ಉಣ್ಣಾಕ ಹಾಕಂಗಿಲ್ಲೇನು? ಸಸಿ ನಾಟಿ ಮಾಡಾವಾಗ ಕೆಸರಾಗ ನಮ್ಮ ಹೆಣ್ಮಕ್ಕಳ ಕಾಲು ಎಲ್ಲಿರ್ತಾವ್ರಿ, ತಲಿ ಮ್ಯಾಲಿರ್ತಾವೇನು?"

ಯಲ್ಲಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ದೊಡ್ಡಪ್ಪ ನಗಲಿಲ್ಲ, ಸೋಲಲೂ ಇಲ್ಲ. ಹೊರೆ ಎತ್ತಿಕೊಂಡು ಹೊರಗೆ ನಡಿ ಎಂದರು. ನಡೆದೆ. ಸಾಕಿದವರ ಮುಂದೆ ಅಷ್ಟು ಮಾತಾಡಿದ್ದಕ್ಕೆ ದಾರಿಯಲ್ಲಿ ಅತ್ತುಬಿಟ್ಟೆ. ಆದರೆ ಹಿಂದಿರುಗಿ ನೋಡಲಿಲ್ಲ.

ಮನೆಯ ಹಿಂದಿನ ಹಾಸುಬಂಡೆಯನ್ನು ಗುಡಿಸಿ, ನೀರು ಹಾಕಿ ತೊಳೆದು, ಸಿವುಡು ಹರಡಿ, ಎತ್ತಿಲ್ಲದ್ದಕ್ಕೆ ನಾವೇ ತುಳಿದೆವು. ನಾನು ಒಂದು ಕಡೆಯಿಂದ, ನಿಮ್ಮ ಮಾವ ಇನ್ನೊಂದು ಕಡೆಯಿಂದ. ಏಳು ದಿನ. ಅಂಗಾಲು ಸೀಳಿ ಹೋಗಿದೆ, ನೆಲ್ಲಿನ ಮುಳ್ಳು ಇನ್ನೂ ಒಳಗಿವೆ. ಮೂರನೆಯ ದಿನ ಮಾವ ತಾವಾಗಿಯೇ ಬಾಯಿಬಿಟ್ಟರು. "ಸುಂಕಿ, ಎತ್ತಿಗೆ ಬಾರುಕೋಲಿಂದ ಹೊಡೀತೀವಲ್ಲ, ಇನ್ ಮ್ಯಾಲ ನಾ ಹೊಡಿಯಂಗಿಲ್ಲ" ಎಂದರು. ನಾನು ಬಿದ್ದು ಬಿದ್ದು ನಕ್ಕೆ. ಮಳೆ ಬರಲಿಲ್ಲ. ಒಂದು ಕಾಳೂ ಹಾಳಾಗಲಿಲ್ಲ.

ಹೊಸ ಅಕ್ಕಿ ಕುಟ್ಟಿ, ಗಂಟು ಕಟ್ಟಿಕೊಂಡು ಮರಿಯಮ್ಮನಹಳ್ಳಿಗೆ ಹೋದೆ. ಪಕ್ಕೀರಪ್ಪ ಜಗಲಿಯ ಮೇಲೆ ಹಗ್ಗ ಹೊಸೆಯುತ್ತ ಕುಳಿತಿದ್ದ. ಅವನ ತಾಯಿ ಜಂಬವ್ವನ ಎದುರಿಗೆ ಅವನ ಮುಂದೆ ಸೆರಗೊಡ್ಡಿದೆ. "ಒದೀಬ್ಯಾಡ ಅಂತ ಬರ್ದಾಕಿ ನಾನು. ತಪ್ಪಾತಪ್ಪಾ" ಎಂದೆ. ಅವನು ಹಗ್ಗ ಹೊಸೆಯುವುದನ್ನು ಬಿಡಲಿಲ್ಲ. ಇರಲಿ ಬಿಡಿ ಎನ್ನಬಹುದೆಂದು ನಾನು ಕಾದೆ, ಅವನು ಹಾಗೆ ಅನ್ನಲಿಲ್ಲ. "ತಪ್ಪು ಅಂದ್ರ ತಪ್ಪ ರೀ ಅಕ್ಕಾರ. ಮರ್ಯಾಕ ಆಗಂಗಿಲ್ಲ" ಎಂದ. ಆಮೇಲೆ ಗಂಟಿನ ಕಡೆ ನೋಡಿದ. "ಕಾಲಾಗ ತುಳಿದದ್ದ ಏನು ಇದು? ಕೇಳೀನಿ ನಾನು. ಅವ್ವಾ, ಇವತ್ತು ಇದನ್ನ ಮಾಡು. ಅಕ್ಕಾರಿಗೂ ಇಲ್ಲೇ ಎಲಿ ಹಾಕು." ಅವನ ಪಕ್ಕದಲ್ಲಿ ಕುಳಿತು ಉಂಡೆ. ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.

ಇನ್ನು ನಿನ್ನ ಮಾತು. ಊರಿಗೆ ಬರುವುದಿಲ್ಲ ಎನ್ನಲು ನೀನು ಯಾರು? ದೊಡ್ಡಪ್ಪ ಅವರ ಕಣಕ್ಕೆ ಬೇಡವೆಂದರು. ಮೆಟ್ರಿಗೆ ಬೇಡವೆನ್ನಲು ಮೆಟ್ರಿ ಅವರೊಬ್ಬರದಲ್ಲ. ನಮ್ಮ ಪಾಲಿನ ಎರಡು ಎಕರೆ ಇದೆ, ಬಂಡೆ ಇದೆ, ನಿನ್ನ ಸಲುವಾಗಿ ಕಾಲು ಒಡೆಸಿಕೊಂಡ ಅಕ್ಕ ಇದ್ದಾಳೆ. ಮುಂದಿನ ರಜೆಯನ್ನು ಯಾರಿಗಾದರೂ ದಾನ ಮಾಡಿದೆ ಎಂದು ಕೇಳಿದರೆ ನಾನೇ ರೈಲು ಹತ್ತಿ ಬಂದು ಕಿವಿ ಹಿಡಿದು ಎಳೆದುಕೊಂಡು ಬರುತ್ತೇನೆ.

ಅಲ್ಲಿಯವರೆಗೆ ಒದಿ. ಕೆಳಗೆ ನೋಡಿಕೊಂಡು ಒದಿ. ನಾಲ್ಕು ಸುತ್ತಿಗೆ ಮುಗಿಯುವುದನ್ನು ಐದು ಮಾಡಬೇಡ. ಕೊನೆಯ ಮೂಟೆಯವರೆಗೂ ಒದ್ದು, ಎರಡೂ ಕಾಲಿನ ಮೇಲೆ ನಡೆದುಕೊಂಡು ಮನೆಗೆ ಬಾ.

ನಿನ್ನ ಅಕ್ಕ
ಸುಂಕಮ್ಮ